ಆಡಿ ನೋಡಿದ ನಿಯಮ: ಜನಪದ ಮಣೆಯಾಟಗಳ ಪಾಠಾಂತರಗಳು ಮತ್ತು ಸಾರ್ವಜನಿಕ ಪರೀಕ್ಷೆ

1. ಪ್ರವೇಶ

ಜನಪದ ಆಟಗಳನ್ನು ಕುರಿತ ನಮ್ಮ ಸಂಗ್ರಹಗಳಲ್ಲಿ ಪ್ರತಿಯೊಂದು ಆಟದ ವಿವರಣೆಯೂ ಸಾಮಾನ್ಯವಾಗಿ ಮೂರು ಭಾಗಗಳಲ್ಲಿರುತ್ತದೆ: ಆಟಗಾರರ ಸಂಖ್ಯೆ, ಬೇಕಾಗುವ ಸಾಮಗ್ರಿ, ಆಡುವ ವಿಧಾನ. ಮೊದಲೆರಡರ ಬಗೆಗೆ ತಕರಾರಿಲ್ಲ. ಮೂರನೆಯದು ಚರ್ಚೆಯನ್ನು ಬಯಸುತ್ತದೆ. 'ಆಡುವ ವಿಧಾನ' ಎಂದು ಒಂದು ಪರಿಚ್ಛೇದದಲ್ಲಿ ದಾಖಲಾಗುವುದು ಒಬ್ಬ ವಕ್ತೃ ಒಂದು ದಿನ ಸಂಗ್ರಾಹಕನಿಗೆ ಹೇಳಿದ ನಿಯಮ. ಅದೇ ಊರಿನ ಮುಂದಿನ ಓಣಿಯಲ್ಲಿ ಆ ನಿಯಮ ಬೇರೆಯಾಗಿರಬಹುದು. ಅದೇ ವಕ್ತೃ ಮರುದಿನ ಬೇರೆ ಜೊತೆಗಾರರೊಡನೆ ಕುಳಿತಾಗ ಬೇರೆ ನಿಯಮಕ್ಕೆ ಒಪ್ಪಿಕೊಂಡಿರಬಹುದು. ಸಂಗ್ರಹದ ಪುಟದಲ್ಲಿ ಮಾತ್ರ ಅದು ಏಕೈಕ, ಸ್ಥಿರ, ಸರ್ವಸಮ್ಮತ ನಿಯಮವಾಗಿ ನಿಲ್ಲುತ್ತದೆ.

ಆಟದ ನಿಯಮವನ್ನು ಒಂದು ಮೌಖಿಕ ಪಠ್ಯವೆಂದು ಪರಿಗಣಿಸಿದರೆ ಈ ಸ್ಥಿರತೆಯ ಸಮಸ್ಯೆ ಸ್ಪಷ್ಟವಾಗುತ್ತದೆ. ಜನಪದ ಗೀತೆಗೆ ಪಾಠಾಂತರಗಳಿರುವುದನ್ನು ನಾವು ಬಹುಕಾಲದಿಂದ ಒಪ್ಪಿದ್ದೇವೆ. ಕಥೆಗೆ ಆಶಯ, ಮಾದರಿಗಳ ಸೂಚಿಗಳನ್ನು ರಚಿಸಿದ್ದೇವೆ. ಆಟದ ನಿಯಮಕ್ಕೆ ಮಾತ್ರ ಈ ಗೌರವ ಇನ್ನೂ ಪೂರ್ಣವಾಗಿ ದೊರೆತಿಲ್ಲ. ನಿಯಮಭೇದ ಕಂಡಾಗ 'ಕೆಲವೆಡೆ ಸ್ವಲ್ಪ ವ್ಯತ್ಯಾಸದಿಂದ ಆಡುತ್ತಾರೆ' ಎಂಬ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸುವುದು ರೂಢಿ. ಪ್ರಸ್ತುತ ಲೇಖನವು ಆ 'ಸ್ವಲ್ಪ ವ್ಯತ್ಯಾಸ'ವನ್ನೇ ಅಧ್ಯಯನದ ವಸ್ತುವಾಗಿಸಿಕೊಳ್ಳುತ್ತದೆ. ಜನಪದ ಮಣೆಯಾಟಗಳ ನಿಯಮಗಳು ಆಡುವವರ ಹಾಗೂ ನೋಡುವವರ ನಡುವೆ ಬಹಿರಂಗವಾಗಿ ಪರೀಕ್ಷೆಗೊಳಗಾಗಿ, ತಿದ್ದುಪಡಿಯಾಗಿ, ಒಪ್ಪಿತವಾದವು. ಆದುದರಿಂದ ದಾಖಲಿಸಬೇಕಾದುದು ನಿಯಮವನ್ನಷ್ಟೇ ಅಲ್ಲ, ಆ ನಿಯಮ ಒಪ್ಪಿತವಾದ ವಾಗ್ವಾದವನ್ನೂ ಎಂಬುದು ಇಲ್ಲಿಯ ಪ್ರತಿಪಾದನೆ. ರಾಯಚೂರು ಪರಿಸರದ, ವಿಶೇಷವಾಗಿ ಯರಗೇರಾ, ದೇವದುರ್ಗ, ಮಾನ್ವಿ ಭಾಗದ ಓದುಗರಿಗೂ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೂ ಪರಿಚಿತವಾದ ಚೌಕಾಬಾರ ಮತ್ತು ಹುಲಿ-ಕುರಿ ಆಟಗಳನ್ನು ಮುಖ್ಯ ನಿದರ್ಶನಗಳಾಗಿ ಬಳಸಿಕೊಳ್ಳಲಾಗಿದೆ.

2. 'ಆಡಿ ನೋಡುವಿಕೆ' ಎಂಬ ಪರಿಕಲ್ಪನೆ

ನಿಯಮವನ್ನು ಸಾರ್ವಜನಿಕರ ಕೈಗೆ ಕೊಟ್ಟು, ಆಡಿಸಿ, ಅವರ ಅಭಿಪ್ರಾಯದಂತೆ ತಿದ್ದುವ ಕ್ರಮಕ್ಕೆ ಇಂದಿನ ಆಟವಿನ್ಯಾಸಕಾರರು 'ಪ್ಲೇಟೆಸ್ಟ್' ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು 'ಆಡಿ ನೋಡುವಿಕೆ' ಎಂದು ಕರೆಯಬಹುದು. ಈ ಕ್ರಮವು ಹೆಚ್ಚು ವಿಸ್ತಾರವಾಗಿ ಬಳಕೆಗೆ ಬಂದಿರುವುದು ಪಾತ್ರಧಾರಣೆಯ ಮೇಜಿನಾಟಗಳಲ್ಲಿ. ಕೆಲವರು ಮೇಜಿನ ಸುತ್ತ ಕುಳಿತು ತಲಾ ಒಂದು ಪಾತ್ರ ವಹಿಸುತ್ತಾರೆ. ಒಬ್ಬ ನಿರ್ವಾಹಕ ಸನ್ನಿವೇಶವನ್ನು ಹೇಳುತ್ತಾನೆ. ಪಾತ್ರಗಳ ಕ್ರಿಯೆ ಸಫಲವಾಯಿತೇ ಇಲ್ಲವೇ ಎಂಬುದನ್ನು ದಾಳಗಳು ನಿರ್ಣಯಿಸುತ್ತವೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂರು ಪುಸ್ತಿಕೆಗಳಾಗಿ ಪ್ರಕಟವಾದಾಗ ಈ ಬಗೆಯ ಆಟ ಅಚ್ಚಿಗೆ ಬಂದಿತು. ಮೊದಲ ಮುದ್ರಣ ಕೇವಲ 1000 ಪ್ರತಿಗಳದು.

ಇದರ ಹಿಂದೆ ಯುದ್ಧಾಭ್ಯಾಸದ ಆಟಗಳ ಪರಂಪರೆಯೊಂದಿದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ 'ಕ್ರೀಗ್‌ಸ್ಪೀಲ್' ದಾಳ ಮತ್ತು ಕೋಷ್ಟಕಗಳಿಂದ ತುಂಬಿದ ನಿಯಮಬದ್ಧ ಆಟ. ಅದರ ಕಟ್ಟಳೆಗಳ ಭಾರವನ್ನು ಕಂಡ ವೆರ್ಡಿ ಡು ವೆರ್ನ್ವಾ 1876ರಲ್ಲಿ ಕೋಷ್ಟಕಗಳ ಬದಲು ಅನುಭವಿ ತೀರ್ಪುಗಾರನ ವಿವೇಚನೆಗೆ ಆದ್ಯತೆ ನೀಡುವ ಮುಕ್ತ ರೂಪವನ್ನು ಮುಂದಿಟ್ಟನು. ಬರೆದಿಟ್ಟ ನಿಯಮ ಹಾಗೂ ಕುಳಿತವರ ವಿವೇಚನೆ, ಇವುಗಳ ನಡುವಿನ ಈ ಎಳೆದಾಟ ಪಾತ್ರಧಾರಣೆಯ ಆಟಗಳಿಗೂ ಹರಿದುಬಂದಿತು. ಪ್ರಕಟಿತ ನಿಯಮವನ್ನು ಪ್ರತಿಯೊಂದು ಗುಂಪೂ ತನಗೆ ಬೇಕಾದಂತೆ ತಿದ್ದಿಕೊಂಡಿತು. ಅಂತಹ ತಿದ್ದುಪಡಿಗಳಿಗೆ ಆ ವಲಯದಲ್ಲಿ 'ಮನೆಯ ನಿಯಮ' ಎಂಬ ಅರ್ಥದ ಹೆಸರೇ ಇದೆ.

ಪ್ರಕಾಶಕರು ಕಾಲಕ್ರಮದಲ್ಲಿ ಈ ವಾಸ್ತವವನ್ನು ಒಪ್ಪಿಕೊಂಡರು. ಪೈಜೋ ಸಂಸ್ಥೆ 'ಪಾತ್‌ಫೈಂಡರ್' ಆಟದ ಕರಡು ನಿಯಮಗಳನ್ನು 2008ರಲ್ಲಿ ಸಾರ್ವಜನಿಕರಿಗೆ ಕೊಟ್ಟು, ಆಡಿದವರ ಪ್ರತಿಕ್ರಿಯೆಗಳನ್ನು ಪಡೆದು, 2009ರಲ್ಲಿ ಪುಸ್ತಕ ತಂದಿತು. ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2012ರ ಮೇ ತಿಂಗಳಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಹೊಸ ಕರಡನ್ನು ಬಹಿರಂಗ ಪರೀಕ್ಷೆಗೆ ಬಿಟ್ಟಿತು. ಐದನೆಯ ಆವೃತ್ತಿ 2014ರಲ್ಲಿ ಹೊರಬಂದಿತು. ಈ ಪರೀಕ್ಷೆಯಲ್ಲಿ 1,75,000ಕ್ಕೂ ಹೆಚ್ಚು ಜನ ಪಾಲ್ಗೊಂಡರೆಂದು ಸಂಸ್ಥೆಯೇ ಹೇಳಿಕೊಂಡಿದೆ. ಇದನ್ನು ಒಂದು ನವೀನ ವಿಧಾನವೆಂದು ಬಣ್ಣಿಸುವುದುಂಟು. ಪ್ರಮಾಣದಲ್ಲಿ ಅದು ನವೀನವೇ. ಆದರೆ ಕರಡು ನಿಯಮ, ಆಡುವ ಗುಂಪು, ಆಕ್ಷೇಪ, ತಿದ್ದುಪಡಿ, ಮರುಪರೀಕ್ಷೆ ಎಂಬ ಐದು ಹಂತಗಳು ನಮ್ಮ ಊರುಗಳ ಕಟ್ಟೆಗೂ ಪಡಸಾಲೆಗೂ ಹೊಸವಲ್ಲ. ಅಲ್ಲಿ ಅವುಗಳಿಗೆ ಹೆಸರಿರಲಿಲ್ಲ, ಲಿಖಿತ ದಾಖಲೆಯಿರಲಿಲ್ಲ.

3. ಚೌಕಾಬಾರ: ಮಣೆ ಒಂದು, ನಿಯಮ ಹಲವು

ಚೌಕಾಬಾರದ ಮಣೆ 5 ಅಡ್ಡಸಾಲು, 5 ಉದ್ದಸಾಲುಗಳ 25 ಮನೆಗಳದು. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ 1 ಮನೆ. ನಾಲ್ಕು ಬದಿಗಳ ನಡುಮನೆಗಳಿಗೆ ಅಡ್ಡಗೀಟು ಎಳೆದು ಕಟ್ಟೆಮನೆಗಳೆಂದು ಗುರುತಿಸುತ್ತಾರೆ; ಅಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಅಥವಾ ಕಲ್ಲುಬಂಡೆಯ ಮೇಲೆ ಗೀರಿ ಮಣೆಯನ್ನು ರಚಿಸುವುದುಂಟು. ಬಳೆಚೂರು, ಕಾಳು, ಹರಳುಗಳೇ ಕಾಯಿಗಳು. ನಾಲ್ಕು ಕವಡೆಗಳನ್ನು ಎಸೆದು ಮೇಲ್ಮುಖವಾಗಿ ಬಿದ್ದವನ್ನು ಎಣಿಸುತ್ತಾರೆ. ನಾಲ್ಕೂ ಮೇಲ್ಮುಖವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಗಡಿಯಾಚೆಯ ತೆಲುಗು ಪ್ರದೇಶದಲ್ಲಿ ಇದೇ ಕುಲದ ಆಟಕ್ಕೆ 'ಅಷ್ಟಾಚೆಮ್ಮ' ಎಂಬ ಹೆಸರಿದೆ. ಅಲ್ಲಿಯೂ ಎಂಟು ಮತ್ತು ನಾಲ್ಕುಗಳೇ ಆಟದ ಹೆಸರಾಗಿವೆ.

ಹೆಸರಿನ ವಿಚಾರದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 'ಬಾರಾ' ಎಂದರೆ ಮರಾಠಿ, ಹಿಂದಿ, ಉರ್ದು ಭಾಷೆಗಳಲ್ಲಿ ಹನ್ನೆರಡು. ಆರು ಕವಡೆಗಳಿಂದ ಆಡುವ ದೊಡ್ಡ ಮಣೆಯಲ್ಲಿ ಎಲ್ಲ ಕವಡೆಗಳೂ ಬೋರಲಾದರೆ ಹನ್ನೆರಡು ಎಂದು ಎಣಿಸುವ ರೂಢಿಯಿದೆ. ನಾಲ್ಕು ಕವಡೆಯ ಮಣೆಯಲ್ಲಿ ಎಂಟಕ್ಕೆ ಸಲ್ಲುವ 'ಬಾರ'ಕ್ಕೂ ಈ ಹನ್ನೆರಡಕ್ಕೂ ಸಂಬಂಧವಿದ್ದಿರಬಹುದು. ಹಾಗಿದ್ದರೆ ಕವಡೆಯ ಸಂಖ್ಯೆ, ಲೆಕ್ಕ ಎರಡೂ ಬದಲಾದರೂ ಹೆಸರು ಉಳಿದುಕೊಂಡಿತು ಎನ್ನಬೇಕಾಗುತ್ತದೆ. ನಿಯಮದ ಇತಿಹಾಸವನ್ನು ಹುಡುಕುವವರಿಗೆ ಆಟದ ಪರಿಭಾಷೆಯೇ ಒಂದು ಆಕರ ಎಂಬುದಕ್ಕೆ ಇದು ಸೂಚನೆ.

ಇನ್ನು ಪಾಠಾಂತರಗಳನ್ನು ಪರಿಶೀಲಿಸೋಣ. ಮೊದಲನೆಯದು ಕಾಯಿ ಹುಟ್ಟುವ ನಿಯಮ. ಕೆಲವು ಕಡೆ ಕಾಯಿಯನ್ನು ಮಣೆಗೆ ಇಳಿಸಲು ಚೌಕ ಅಥವಾ ಬಾರ ಬೀಳಲೇಬೇಕು. ಇನ್ನು ಕೆಲವು ಕಡೆ ಒಂದು ಬಿದ್ದರೂ ಸಾಕು. ಮತ್ತೆ ಕೆಲವು ಕಡೆ ಯಾವ ಕಟ್ಟೂ ಇಲ್ಲ. ಮೊದಲ ಎಸೆತದಿಂದಲೇ ಕಾಯಿ ನಡೆಯುತ್ತದೆ. ಮೇಲ್ನೋಟಕ್ಕೆ ಇದು ಅಲ್ಪ ಭೇದ. ಲೆಕ್ಕಕ್ಕೆ ಒಡ್ಡಿದಾಗ ಅದರ ಪರಿಣಾಮ ತಿಳಿಯುತ್ತದೆ. ಕವಡೆ ಎರಡೂ ಬಗೆಯಲ್ಲಿ ಸಮನಾಗಿ ಬೀಳುತ್ತದೆಂದು ಭಾವಿಸಿದರೆ ನಾಲ್ಕು ಕವಡೆಗಳ 16 ಸಾಧ್ಯತೆಗಳಲ್ಲಿ ಒಂದು ಬೀಳುವುದು 4 ಸಲ, ಎರಡು 6 ಸಲ, ಮೂರು 4 ಸಲ, ಚೌಕ 1 ಸಲ, ಬಾರ 1 ಸಲ. ಅಂದರೆ ಚೌಕ-ಬಾರಗಳಿಗಾಗಿ ಕಾಯುವವನು ಸರಾಸರಿ 8 ಎಸೆತ ಕಾಯಬೇಕು. ಒಂದಕ್ಕೂ ಅವಕಾಶವಿದ್ದರೆ 3 ಎಸೆತಗಳೊಳಗೇ ಸರಾಸರಿ ಕಾಯುವಿಕೆ ಮುಗಿಯುತ್ತದೆ. ಎಂಟು ಎಸೆತಗಳ ನಂತರವೂ ಕಾಯಿ ಹುಟ್ಟದಿರುವ ಸಂಭವ ಮೊದಲ ನಿಯಮದಲ್ಲಿ ನೂರಕ್ಕೆ ಸುಮಾರು 34. ಎರಡನೆಯದರಲ್ಲಿ ನೂರಕ್ಕೆ ಸುಮಾರು 2.

ಇದನ್ನು ಕಾಯಿಯ ಇಡೀ ಪಯಣದೊಡನೆ ಹೋಲಿಸಬೇಕು. ಹುಟ್ಟಿದ ಮನೆಯಿಂದ ಹಣ್ಣಾಗುವ ಮನೆಯವರೆಗೆ 24 ಹೆಜ್ಜೆ. ಒಂದು ಎಸೆತದ ಸರಾಸರಿ ಬೆಲೆ ಎರಡೂವರೆ. ಹೊಡೆತ ತಿನ್ನದ ಕಾಯಿ ಸುಮಾರು 10 ಎಸೆತಗಳಲ್ಲಿ ನಡುಮನೆಯನ್ನು ಸಮೀಪಿಸುತ್ತದೆ. ಅಂದರೆ ಕಟ್ಟುನಿಟ್ಟಿನ ನಿಯಮದಲ್ಲಿ ಕಾಯಿ ಹುಟ್ಟಲು ಬೇಕಾಗುವ ಕಾಲ ಬಹುಮಟ್ಟಿಗೆ ಅದು ಬದುಕಿ ಮುಗಿಸುವ ಕಾಲಕ್ಕೆ ಸಮ. ಬೇಸಿಗೆಯ ಉದ್ದನೆಯ ಮಧ್ಯಾಹ್ನಕ್ಕೆ ಈ ನಿಯಮ ಒಗ್ಗುತ್ತದೆ. ಕೆಲಸದ ನಡುವೆ ಸಿಕ್ಕ ಅಲ್ಪ ಬಿಡುವಿಗೆ ಒಗ್ಗುವುದಿಲ್ಲ. ನಿಯಮಭೇದವು ಕೆಲವೊಮ್ಮೆ ಬಿಡುವಿನ ಭೇದವೂ ಆಗಿರುತ್ತದೆ ಎಂದು ಇದರಿಂದ ಊಹಿಸಬಹುದು. ಆಡುವವರು ಸಂಭವನೀಯತೆಯ ಗಣಿತವನ್ನು ಓದಿದವರಲ್ಲ. ಆದರೆ ಯಾವ ನಿಯಮದಲ್ಲಿ ಆಟ 'ಏಳುವುದಿಲ್ಲ', ಯಾವುದರಲ್ಲಿ 'ಬೇಗ ಸಾಯುತ್ತದೆ' ಎಂಬುದನ್ನು ನೂರಾರು ಆಟಗಳ ಅನುಭವದಿಂದ ಅವರು ಬಲ್ಲರು.

ಎರಡನೆಯದು ಒಳಸುತ್ತಿಗೆ ಹೋಗುವ ನಿಯಮ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ತನ್ನ ಕಾಯಿಯನ್ನು ಒಳಸುತ್ತಿಗೆ ಒಯ್ಯುವಂತಿಲ್ಲ ಎಂಬ ಕಟ್ಟು ಅನೇಕ ಕಡೆ ಇದೆ, ಕೆಲವು ಕಡೆ ಇಲ್ಲ. ಈ ನಿಯಮವಿಲ್ಲದಿದ್ದರೆ ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ, ಯಾರ ತಂಟೆಗೂ ಹೋಗದೆ ಗೆಲ್ಲುವ ದಾರಿ ತೆರೆದಿರುತ್ತದೆ. ನಿಯಮವಿದ್ದರೆ ಪ್ರತಿಯೊಬ್ಬರೂ ಒಮ್ಮೆಯಾದರೂ ಎದುರಾಗಲೇಬೇಕು. ಅವಿತುಕೊಂಡು ಗೆಲ್ಲುವವನ ಮೇಲಿನ ಅಸಮಾಧಾನವೇ ಇಲ್ಲಿ ನಿಯಮವಾಗಿ ಗಟ್ಟಿಗೊಂಡಂತೆ ತೋರುತ್ತದೆ.

ಮೂರನೆಯದು ಸತತ ಗರಗಳ ನಿಯಮ. ಚೌಕ ಅಥವಾ ಬಾರ ಬಿದ್ದರೆ ಮತ್ತೊಂದು ಎಸೆತ ಸಿಗುತ್ತದೆ. ಆದರೆ ಸತತವಾಗಿ ಮೂರು ಸಲ ಬಿದ್ದರೆ ಮೂರೂ ವ್ಯರ್ಥ ಎಂಬುದು ಕೆಲವೆಡೆಯ ಕಟ್ಟು. ಕೇವಲ ಅದೃಷ್ಟದಿಂದ ಹೀಗಾಗುವ ಸಂಭವ 512ರಲ್ಲಿ 1. ಇಷ್ಟು ಅಪರೂಪದ ಘಟನೆಗೆ ನಿಯಮವೇಕೆ? ಕವಡೆಯನ್ನು ಅಂಗೈಯಲ್ಲಿ ಜೋಡಿಸಿ ಎಸೆಯುವ ಕೈಚಳಕವನ್ನು ಗಮನಿಸಿದಾಗ ಉತ್ತರ ಹೊಳೆಯುತ್ತದೆ. ಈ ನಿಯಮ ಅದೃಷ್ಟಕ್ಕಿಂತ ಹೆಚ್ಚಾಗಿ ಕೈಯನ್ನು ಅಂಕೆಯಲ್ಲಿಡುತ್ತದೆ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿ ಕವಡೆಯ ಬದಲು ಬಳಸುವಲ್ಲಿಯೂ ಇದೇ ಎಚ್ಚರವಿದೆ. ಹೆಚ್ಚು ಉಜ್ಜಿದ ಬೀಜ ಒಂದೇ ಬಗೆಯಾಗಿ ಬೀಳಬಹುದೆಂಬ ಅನುಮಾನದಿಂದ ಆಟಕ್ಕೆ ಮುನ್ನ ಅದನ್ನು ನಾಲ್ಕಾರು ಸಲ ಎಸೆದು ನೋಡುತ್ತಾರೆ. ನಿಯಮದ ಪರೀಕ್ಷೆಗೂ ಮೊದಲು ಸಾಮಗ್ರಿಯ ಪರೀಕ್ಷೆ ನಡೆದಿರುತ್ತದೆ.

4. ಪರೀಕ್ಷೆಯ ನೆಲೆಗಳು

ನಿಯಮಗಳು ಮುಖಾಮುಖಿಯಾಗುವ ಸಂದರ್ಭಗಳು ಆಕಸ್ಮಿಕವಲ್ಲ. ಅವುಗಳ ಹಿಂದೆ ಸಾಮಾಜಿಕ ವ್ಯವಸ್ಥೆಯಿದೆ. ಚೌಕಾಬಾರವನ್ನು ಹೆಂಗಸರು ಮನೆಯ ಪಡಸಾಲೆಯಲ್ಲಿ, ತಲಬಾಗಿಲ ಬಳಿ ಆಡುವುದು ವಾಡಿಕೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತವರಿನ ನಿಯಮವನ್ನು ಒಯ್ಯುತ್ತಾಳೆ. ನಾಗರಪಂಚಮಿಗೆ ತವರಿಗೆ ಮರಳುವಾಗ ಗಂಡನ ಊರಿನ ನಿಯಮವನ್ನು ತರುತ್ತಾಳೆ. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಜೋಕಾಲಿ, ಉಂಡಿ ಮತ್ತು ಆಟಗಳ ಹಬ್ಬ. ದೇವದುರ್ಗದ ಕಡೆ ಕೊಟ್ಟ ಮಗಳು, ಮಾನ್ವಿಯಿಂದ ಬಂದ ಸೊಸೆ, ಗಡಿಯಾಚೆ ಸಂಬಂಧ ಬೆಳೆಸಿದ ಅಕ್ಕ ಒಂದೇ ಮಣೆಯ ಸುತ್ತ ಕುಳಿತಾಗ 'ನಮ್ ಕಡಿ ಹಿಂಗಿಲ್ಲ' ಎಂಬ ಮಾತು ಬರುವುದು ಸಹಜ. ಆ ಮಾತೇ ಪಾಠಾಂತರದ ಮೊದಲ ಉಚ್ಚಾರಣೆ. ಮುಂದೆ ಕೇಳಿಬರುವುದು ಬಹುಮಟ್ಟಿಗೆ ಇಂತಹದೊಂದು ಒಪ್ಪಂದ: 'ಈ ಆಟ ಹಿಂಗ ಆಡೋಣು, ಮುಂದಿನ ಆಟಕ್ಕ ನೋಡೋಣು.' ನಿಯಮವನ್ನು ವಾದದಿಂದಷ್ಟೇ ತೀರ್ಮಾನಿಸದೆ ಆಡಿಯೇ ತೀರ್ಮಾನಿಸುವ ಕ್ರಮ ಇದರಲ್ಲಿ ಅಡಗಿದೆ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ಎಡೆದೊರೆನಾಡಿನಲ್ಲಿ ಕನ್ನಡ, ತೆಲುಗು, ಉರ್ದು ಭಾಷೆಗಳು ಒಟ್ಟಿಗೆ ಬಾಳಿವೆ. ಇಂತಹ ಪ್ರದೇಶದಲ್ಲಿ ಆಟದ ಪರಿಭಾಷೆಯೂ ಬೆರಕೆಯಾಗಿರುವುದು ನಿರೀಕ್ಷಿತ. ಗರದ ಹೆಸರು ಒಂದು ಭಾಷೆಯದು, ಕಾಯಿಯ ಹೆಸರು ಇನ್ನೊಂದರದು, ಜಗಳದ ಮಾತು ಮೂರನೆಯದಾಗಿರಬಹುದು. ಯಾವ ಶಬ್ದದೊಡನೆ ಯಾವ ನಿಯಮ ಬಂದಿತು ಎಂಬುದು ಗಡಿನಾಡಿನ ಭಾಷಾಧ್ಯಯನಕ್ಕೆ ಉಪಯುಕ್ತವಾದ ಪ್ರಶ್ನೆ.

ಈ ಪರೀಕ್ಷೆಯಲ್ಲಿ ನೋಡುವವರ ಪಾತ್ರ ಕಡಿಮೆಯದಲ್ಲ. ಮಣೆಯ ಸುತ್ತ ನಿಂತವರು ಗರ ಎಣಿಸುತ್ತಾರೆ, ಕಾಯಿ ತಪ್ಪಿ ನಡೆದರೆ ಕೂಗುತ್ತಾರೆ, ಹಿಂದೊಮ್ಮೆ ಇದೇ ತಕರಾರು ಹೇಗೆ ಬಗೆಹರಿಯಿತೆಂಬುದನ್ನು ನೆನಪಿಸುತ್ತಾರೆ. ಆ ಆಟದ ಸೋಲು-ಗೆಲುವಿನಲ್ಲಿ ಪಾಲಿಲ್ಲದ್ದರಿಂದ ಅವರ ಮಾತಿಗೆ ತೂಕವಿರುತ್ತದೆ. ಲಿಖಿತ ನಿಯಮವಿಲ್ಲದಲ್ಲಿ ಅವರ ನೆನಪೇ ಪೂರ್ವನಿರ್ಣಯಗಳ ಸಂಪುಟ.

ಆದರೆ ಈ 'ಸಾರ್ವಜನಿಕ'ವನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಊರಿನ ಕಟ್ಟೆ ಎಲ್ಲರ ಕಟ್ಟೆಯಾಗಿರಲಿಲ್ಲ. ಹೆಂಗಸರಿಗೆ ಅಲ್ಲಿ ಕುಳಿತು ಆಡುವ ಅವಕಾಶವಿರಲಿಲ್ಲ. ಅಸ್ಪೃಶ್ಯತೆಗೆ ಗುರಿಯಾದ ಸಮುದಾಯಗಳಿಗೆ ಕಟ್ಟೆಯನ್ನು ಏರುವ ಅವಕಾಶವೇ ಇರಲಿಲ್ಲ. ಆದ್ದರಿಂದ ಒಂದೇ ಊರಿನಲ್ಲಿ ಹಲವು ಪರೀಕ್ಷಾಮಂಡಲಗಳಿದ್ದವು: ಕಟ್ಟೆಯದು ಒಂದು, ಪಡಸಾಲೆಯದು ಒಂದು, ಕೇರಿಯದು ಒಂದು, ಕುರಿ-ದನ ಕಾಯುವ ಹುಡುಗರ ಬಯಲಿನದು ಮತ್ತೊಂದು. 'ಈ ಊರಿನ ನಿಯಮ' ಎಂದು ಕಟ್ಟೆಯ ನಿಯಮವನ್ನಷ್ಟೇ ಬರೆದುಕೊಳ್ಳುವ ಸಂಗ್ರಾಹಕನು ತನಗರಿವಿಲ್ಲದೆ ಕಟ್ಟೆಯ ಯಜಮಾನಿಕೆಯನ್ನು ಪುಸ್ತಕಕ್ಕೂ ವಿಸ್ತರಿಸುತ್ತಾನೆ.

5. ಪಾತ್ರ ಮತ್ತು ಸಮತೋಲ

ಪಾತ್ರಧಾರಣೆಯ ಆಟಕ್ಕೆ ಹತ್ತಿರವಾದ ಅಂಶವನ್ನು ಹುಲಿ-ಕುರಿ ಆಟದಲ್ಲಿ ಕಾಣಬಹುದು. ತ್ರಿಕೋನಾಕೃತಿಯ ಮಣೆಯಲ್ಲಿ 23 ಬಿಂದುಗಳು. 3 ಹುಲಿಗಳು, 15 ಕುರಿಗಳು ಎಂಬುದು ಹೆಚ್ಚು ಪ್ರಚಲಿತವಾದ ರೂಪ. ಇಲ್ಲಿ ಇಬ್ಬರ ಬಲವೂ ಗುರಿಯೂ ಒಂದೇ ಅಲ್ಲ. ಹುಲಿಯದು ಹಾರಿ ತಿನ್ನುವ ಕೆಲಸ. ಕುರಿಗಳದು ಒಗ್ಗೂಡಿ ಹುಲಿಯನ್ನು ಕಟ್ಟುವ ಕೆಲಸ. ಫ್ರೆಂಚ್ ಚಿಂತಕ ರೋಜೆ ಕೈವಾ 1958ರ ತನ್ನ ಗ್ರಂಥದಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತು ಎಂದು ನಾಲ್ಕಾಗಿ ವಿಂಗಡಿಸಿದನು. ಹುಲಿ-ಕುರಿಯು ಸ್ಪರ್ಧೆಯ ಆಟವಾದರೂ ಅನುಕರಣೆಯ ಅಂಶವನ್ನು ಒಳಗೊಂಡಿದೆ. ಆಡುವವನು 'ನನ್ನ ಕಾಯಿ' ಎನ್ನದೆ 'ನನ್ನ ಹುಲಿ' ಎನ್ನುತ್ತಾನೆ.

ಎರಡು ಪಕ್ಷಗಳು ಸಮಾನವಲ್ಲದ ಆಟದಲ್ಲಿ ನ್ಯಾಯದ ಪ್ರಶ್ನೆ ತೀವ್ರವಾಗಿರುತ್ತದೆ. ಎಷ್ಟು ಕುರಿ ತಿಂದರೆ ಹುಲಿಗೆ ಗೆಲುವು? ಎಲ್ಲ ಕುರಿಗಳನ್ನು ಇಟ್ಟು ಮುಗಿಯುವವರೆಗೆ ಇಟ್ಟ ಕುರಿ ನಡೆಯಬಹುದೇ? ಹುಲಿ ಒಂದೇ ಸರದಿಯಲ್ಲಿ ಎರಡು ಕುರಿಗಳನ್ನು ಹಾರಬಹುದೇ? ಈ ಮೂರು ಪ್ರಶ್ನೆಗಳಿಗೆ ಊರೂರಿನ ಉತ್ತರ ಬೇರೆ. ಪ್ರತಿ ಉತ್ತರವೂ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ. ವಾಲಿಕೆಯನ್ನು ಪತ್ತೆಹಚ್ಚುವ ಉಪಾಯವೂ ಆಟದಲ್ಲೇ ಇದೆ: ಒಂದು ಆಟ ಮುಗಿದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡುವುದು. ಯಾರು ಆಡಿದರೂ ಹುಲಿಯೇ ಗೆಲ್ಲುತ್ತಿದ್ದರೆ ದೋಷ ಆಟಗಾರನದಲ್ಲ, ನಿಯಮದ್ದು. ಎರಡೂ ಪಕ್ಷಗಳನ್ನು ಬದಲಿಸಿ ಆಡಿ ಸಮತೋಲವನ್ನು ಅಳೆಯುವ ಕ್ರಮವನ್ನು ಇಂದಿನ ಆಟವಿನ್ಯಾಸಕಾರರೂ ಅನುಸರಿಸುತ್ತಾರೆ.

ಶಾಲಾಮಕ್ಕಳ ಚೀಟಿಯಾಟವೂ ಇದೇ ವರ್ಗಕ್ಕೆ ಸೇರುತ್ತದೆ. ರಾಜ, ರಾಣಿ, ಮಂತ್ರಿ, ಪೊಲೀಸ್, ಕಳ್ಳ ಎಂದು ಬರೆದ ಚೀಟಿಗಳನ್ನು ಎತ್ತಿ, ಪೊಲೀಸನಾದವನು ಕಳ್ಳನನ್ನು ಗುರುತಿಸಬೇಕು. ಯಾರಿಗೆ ಎಷ್ಟು ಅಂಕ ಎಂಬುದು ಪ್ರತಿ ತರಗತಿಯಲ್ಲೂ ಹೊಸದಾಗಿ ನಿರ್ಣಯವಾಗುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ 1932ರ ಗ್ರಂಥದಲ್ಲಿ ಗೋಲಿಯಾಡುವ ಮಕ್ಕಳನ್ನು ಅಧ್ಯಯನ ಮಾಡಿ ಒಂದು ಮಹತ್ವದ ಸಂಗತಿಯನ್ನು ತೋರಿಸಿದನು. ಕಿರಿಯ ಮಕ್ಕಳು ನಿಯಮವನ್ನು ಹಿರಿಯರಿಂದ ಬಂದ, ಬದಲಿಸಲಾಗದ ವಿಧಿಯೆಂದು ನಂಬುತ್ತಾರೆ. ಬೆಳೆದಂತೆ ಅದು ಪರಸ್ಪರ ಸಮ್ಮತಿಯಿಂದ ನಿಂತ ಒಪ್ಪಂದವೆಂದು ಅರಿಯುತ್ತಾರೆ. ಆಟದ ನಿಯಮಕ್ಕಾಗಿ ಜಗಳವಾಡುವ ಮಗು ಸಮಯ ಕಳೆಯುತ್ತಿಲ್ಲ, ಸಮ್ಮತಿಯಿಂದ ಕಟ್ಟಳೆ ರೂಪಿಸುವ ವಿದ್ಯೆಯನ್ನು ಕಲಿಯುತ್ತಿದೆ.

6. ಕಲ್ಲು, ಗ್ರಂಥ, ಪೆಟ್ಟಿಗೆ, ಯಂತ್ರ

ವಾಗ್ವಾದವನ್ನು ಕಳೆದುಕೊಂಡ ನಿಯಮದ ಗತಿಯನ್ನು ನಾಲ್ಕು ನಿದರ್ಶನಗಳಿಂದ ಪರಿಶೀಲಿಸಬಹುದು. ಮೊದಲನೆಯದು ಕಲ್ಲು. ಹಂಪಿಯ ಗುಡಿಗಳ ಹಾಸುಗಲ್ಲು, ಮಂಟಪಗಳಲ್ಲಿ ಕೊರೆದ ಅನೇಕ ಮಣೆಗಳಿವೆ, ಆರ್. ವಸಂತ ಅವರು ವಿಜಯನಗರದ ಈ ಮಣೆಗಳನ್ನು ಸಮೀಕ್ಷಿಸಿದ್ದಾರೆ. ಕಲ್ಲು ಮನೆಗಳ ಗೆರೆಯನ್ನು ಉಳಿಸಿದೆ. ಆ ಮಣೆಯ ಸುತ್ತ ಕುಳಿತವರು ಕಾಯಿಯನ್ನು ಹುಟ್ಟಿಸಲು ಯಾವ ಗರ ಬೇಕೆಂದರು, ಯಾವ ತಕರಾರನ್ನು ಹೇಗೆ ತೀರಿಸಿದರು ಎಂಬುದನ್ನು ಉಳಿಸಿಲ್ಲ.

ಎರಡನೆಯದು ಗ್ರಂಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಗಡೆ, ಕವಡೆಯಾಟಗಳ ನಿರೂಪಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವರು ರೂಪಿಸಿದ 13 ಬಗೆಯ ಗಂಜೀಫಾ ಆಟಗಳು ವರ್ಣಿತವಾಗಿವೆ. ಇವು ಬೆರಗು ಹುಟ್ಟಿಸುವ ಬೌದ್ಧಿಕ ರಚನೆಗಳು. ಆದರೆ ಅರಮನೆಯಲ್ಲಿ ಹುಟ್ಟಿ ಗ್ರಂಥದಲ್ಲಿ ನೆಲೆಗೊಂಡ ಈ ಆಟಗಳು ಚೌಕಾಬಾರದಂತೆ ಊರೂರಿಗೆ ಹಬ್ಬಲಿಲ್ಲ. ಜಟಿಲತೆ, ಎಲೆಗಳ ಬೆಲೆ ಮುಂತಾದ ಕಾರಣಗಳ ಜೊತೆಗೆ, ಅವುಗಳ ನಿಯಮವನ್ನು ತಮ್ಮ ಬಿಡುವಿಗೆ ತಕ್ಕಂತೆ ತಿದ್ದಿಕೊಳ್ಳುವ ಸಮುದಾಯ ಅವಕ್ಕೆ ದೊರೆಯದಿದ್ದುದನ್ನೂ ಪರಿಗಣಿಸಬೇಕು.

ಮೂರನೆಯದು ಪೆಟ್ಟಿಗೆ. ಪಚ್ಚೀಸಿ ಕುಲದ ಆಟವನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಲೂಡೊ, ಅಚ್ಚಾದ ನಿಯಮದೊಡನೆ ಪೆಟ್ಟಿಗೆಯಲ್ಲಿ ನಮ್ಮಲ್ಲಿಗೆ ಮರಳಿತು. ಆದರೂ ನಮ್ಮ ಮನೆಗಳಲ್ಲಿ ಪೆಟ್ಟಿಗೆಯ ಚೀಟಿಗಿಂತ ಮನೆಯ ಮಾತೇ ನಡೆಯಿತು. ಮೂರು ಆರು ಬಿದ್ದರೆ ವ್ಯರ್ಥವೇ, ಹೊಡೆಯದೆ ಒಳಗೆ ಹೋಗಬಹುದೇ ಎಂಬ ಚೌಕಾಬಾರದ ತಕರಾರುಗಳೇ ಲೂಡೊವಿನಲ್ಲೂ ಮುಂದುವರಿದವು.

ನಾಲ್ಕನೆಯದು ಯಂತ್ರ. 2016ರಲ್ಲಿ ಬಂದ 'ಲೂಡೊ ಕಿಂಗ್'ನಂತಹ ಮೊಬೈಲ್ ಆಟಗಳು 2020ರ ಲಾಕ್‌ಡೌನ್ ಕಾಲದಲ್ಲಿ ಬಹುಬೇಗ ಹರಡಿದವು. ದೂರದ ಬಂಧುಗಳನ್ನು ಒಂದು ಆಟಕ್ಕೆ ಕೂಡಿಸಿದ ಶ್ರೇಯಸ್ಸು ಅವಕ್ಕೆ ಸಲ್ಲಬೇಕು. ಆದರೆ ಯಂತ್ರದಲ್ಲಿ ನಿಯಮಬಾಹಿರ ನಡೆಯೇ ಅಸಾಧ್ಯ. ಆದ್ದರಿಂದ ತಕರಾರೂ ಅಸಾಧ್ಯ. ಕಾಯಿ ತಾನೇ ನಡೆಯುತ್ತದೆ, ಲೆಕ್ಕ ತಾನೇ ಆಗುತ್ತದೆ. ಆಟಗಾರನಿಗೆ ಆಟ ದೊರೆಯಿತು, ನಿಯಮ ಮಾಡುವ ಅಧಿಕಾರ ಕೈತಪ್ಪಿತು. ಕಲ್ಲಿನ ಮಣೆಯಲ್ಲಿ ನಿಯಮ ಮರೆಯಾಗಿ ಗೆರೆ ಉಳಿದರೆ, ಯಂತ್ರದಲ್ಲಿ ನಿಯಮ ಉಳಿದು ಮಾತು ಮರೆಯಾಗುತ್ತದೆ.

7. ಗ್ರಂಥಸಂಪಾದನೆಯ ಬೆಳಕಿನಲ್ಲಿ

ಕನ್ನಡ ವಿದ್ಯಾರ್ಥಿಗಳಿಗೆ ಪಾಠಾಂತರವೆಂದರೆ ಹಸ್ತಪ್ರತಿಗಳ ನೆನಪಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' ಈ ಶಿಸ್ತಿಗೆ ಭದ್ರ ಬುನಾದಿ ಹಾಕಿದ ಕೃತಿ. ಅಲ್ಲಿ ಸಂಪಾದಕನು ಲಿಪಿಕಾರರ ಸ್ಖಲನಗಳನ್ನು ನಿವಾರಿಸುತ್ತ ಕವಿಪಾಠದತ್ತ ಚಲಿಸುತ್ತಾನೆ. ಆಟದ ನಿಯಮಕ್ಕೆ ಈ ವಿಧಾನವನ್ನು ಯಥಾವತ್ತಾಗಿ ಅನ್ವಯಿಸಲಾಗದು. ಇಲ್ಲಿ ಕವಿಯಿಲ್ಲ, ಆದ್ದರಿಂದ ಕವಿಪಾಠವೂ ಇಲ್ಲ. ಇಲ್ಲಿಯ ಭೇದಗಳೆಲ್ಲ ಸ್ಖಲನಗಳಲ್ಲ. ಬಹುಪಾಲು ಭೇದಗಳು ಆಡಿ ನೋಡಿ ಉಳಿಸಿಕೊಂಡವು. ಸರಿಯಾದ ನಿಯಮ ಯಾವುದು ಎಂಬ ಪ್ರಶ್ನೆಯ ಬದಲು ಈ ನಿಯಮ ಇಲ್ಲಿ ಏಕೆ ಉಳಿಯಿತು ಎಂಬ ಪ್ರಶ್ನೆ ಕೇಳಬೇಕಾಗುತ್ತದೆ. ಗ್ರಂಥಸಂಪಾದನೆಯಿಂದ ಪಡೆಯಬೇಕಾದುದು ಅದರ ಶಿಸ್ತನ್ನು: ಪ್ರತಿ ಪಾಠವನ್ನೂ ಆಕರಸಹಿತವಾಗಿ, ಅಡಿಟಿಪ್ಪಣಿಯಲ್ಲಿ ಅಡಗಿಸದೆ, ಗೌರವದಿಂದ ದಾಖಲಿಸುವ ಕ್ರಮವನ್ನು.

ಪ್ರಕಾಶನ ಸಂಸ್ಥೆಗಳ ಆಡಿ ನೋಡುವಿಕೆಗೂ ಜನಪದ ಕ್ರಮಕ್ಕೂ ಇರುವ ಅಂತರವನ್ನು ಇಲ್ಲಿಯೇ ಗುರುತಿಸಬೇಕು. ಸಂಸ್ಥೆ ಅಸಂಖ್ಯ ಅಭಿಪ್ರಾಯಗಳನ್ನು ಕೇಳುತ್ತದೆ, ಆದರೆ ಕೊನೆಯ ತೀರ್ಮಾನ ಅದರದೇ. ಪರೀಕ್ಷೆ ಒಂದು ದಿನ ಮುಗಿದು ಪುಸ್ತಕ ಮಾರಾಟಕ್ಕೆ ಬರುತ್ತದೆ. ಕಟ್ಟೆಯ ಪರೀಕ್ಷೆಗೆ ಮುಕ್ತಾಯವಿಲ್ಲ, ತೀರ್ಮಾನ ಆ ಆಟಕ್ಕಷ್ಟೇ ಸೀಮಿತ. ಇನ್ನೊಂದೆಡೆ, ಸಂಸ್ಥೆ ತನ್ನ ಕರಡುಗಳನ್ನು ಬರೆದಿಡುವುದರಿಂದ ನಿಯಮ ಬದಲಾದ ದಾರಿಯನ್ನು ಮುಂದಿನವರು ಓದಬಹುದು. ನಮ್ಮಲ್ಲಿ ಆ ದಾರಿ ಆಡಿದವರ ನೆನಪಿನೊಡನೆ ಅಳಿಯುತ್ತಿದೆ.

8. ಕ್ಷೇತ್ರಕಾರ್ಯಕ್ಕೆ ಕೆಲವು ಸೂಚನೆಗಳು

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ಆಟವೊಂದನ್ನು ದಾಖಲಿಸುವಾಗ ಈ ಅಂಶಗಳನ್ನು ಗಮನಿಸುವುದು ಉಚಿತ.

ಒಂದು, ನಿಯಮವನ್ನು ಕೇಳಿ ಬರೆದುಕೊಳ್ಳುವುದಕ್ಕಿಂತ ಆಟವನ್ನು ಪೂರ್ತಿಯಾಗಿ ನೋಡಬೇಕು. ವಕ್ತೃವಿಗೆ ಕೇಳಿದಾಗ ನೆನಪಾಗದ ನಿಯಮ ತಕರಾರು ಬಂದಾಗ ತಾನೇ ಹೊರಬರುತ್ತದೆ. ಎರಡು, ಆಟಕ್ಕೆ ಮುನ್ನ ನಡೆಯುವ ಒಪ್ಪಂದದ ಮಾತುಗಳನ್ನು ಆಡಿದ ಭಾಷೆಯಲ್ಲೇ, ಪ್ರಾದೇಶಿಕ ರೂಪದಲ್ಲೇ ಬರೆಯಬೇಕು. ಮೂರು, ತಕರಾರಿನಲ್ಲಿ ಎರಡೂ ಪಕ್ಷದ ವಾದ, ತೀರ್ಪು ಹೇಳಿದವರು, ಅವರ ಮಾತು ನಡೆದ ಕಾರಣ ಇವನ್ನು ದಾಖಲಿಸಬೇಕು. ನಾಲ್ಕು, 'ನಮ್ ಕಡಿ' ಎಂದಾಗ ಅದು ಯಾವ ಊರು, ತವರೋ ಗಂಡನ ಮನೆಯೋ ಎಂದು ವಿಚಾರಿಸಬೇಕು. ಐದು, ತೀರ್ಮಾನವಾದ ನಿಯಮ ಮುಂದಿನ ಆಟದಲ್ಲೂ ಉಳಿಯಿತೇ ಎಂಬುದನ್ನು ನೋಡಬೇಕು. ಆರು, ಆಡಿ ನೋಡಿ ಕೈಬಿಟ್ಟ ನಿಯಮಗಳನ್ನೂ ಕೇಳಬೇಕು. ಕೈಬಿಟ್ಟ ಕಾರಣದಲ್ಲಿ ಸಮುದಾಯದ ನ್ಯಾಯಕಲ್ಪನೆ ವ್ಯಕ್ತವಾಗುತ್ತದೆ. ಏಳು, ಕಟ್ಟೆ, ಪಡಸಾಲೆ, ಕೇರಿ, ಬಯಲು ಈ ನೆಲೆಗಳನ್ನು ಪ್ರತ್ಯೇಕವಾಗಿ ಸಂದರ್ಶಿಸಬೇಕು.

ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಇಂದು ಪ್ರತ್ಯೇಕ ವಿಶ್ವವಿದ್ಯಾಲಯದ ನೆಲೆಯಾಗಿರುವ ಯರಗೇರಾದ ಆವರಣ ಇಂತಹ ಅಧ್ಯಯನಕ್ಕೆ ತಕ್ಕ ಸ್ಥಳ. ಸುತ್ತಲಿನ ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತಾಗ ಅಲ್ಲಿ ಹಲವು ಊರುಗಳ ನಿಯಮಗಳೂ ಕುಳಿತಿರುತ್ತವೆ. ಒಂದು ಮಣೆ, ನಾಲ್ಕು ಕವಡೆ, ಬೇರೆ ಬೇರೆ ಊರಿನ ನಾಲ್ವರು ವಿದ್ಯಾರ್ಥಿಗಳು, ಬರೆದುಕೊಳ್ಳುವ ಒಬ್ಬರು ಇಷ್ಟಿದ್ದರೆ ಅಭ್ಯಾಸವನ್ನು ಆರಂಭಿಸಬಹುದು. ಕಾಯಿ ಹುಟ್ಟುವ ಮೂರು ನಿಯಮಗಳಲ್ಲಿ ತಲಾ ಕೆಲವು ಆಟ ಆಡಿಸಿ, ಎಸೆತಗಳ ಸಂಖ್ಯೆಯನ್ನೂ ಎದ್ದ ತಕರಾರುಗಳನ್ನೂ ಬರೆದುಕೊಂಡರೆ ಈ ಲೇಖನದ ಲೆಕ್ಕಗಳನ್ನೂ ಪರೀಕ್ಷಿಸಿದಂತಾಗುತ್ತದೆ. ನಿಜವಾದ ಕವಡೆ ಗಣಿತದ ಕವಡೆಯಂತೆ ಸಮನಾಗಿ ಬೀಳುವುದಿಲ್ಲ. ಆ ವ್ಯತ್ಯಾಸವೂ ದಾಖಲಾರ್ಹ.

9. ಸಮಾರೋಪ

ಜನಪದ ಮಣೆಯಾಟದ ನಿಯಮ ಪೂರ್ವಜರು ಕೊಟ್ಟುಹೋದ ಶಾಸನವಲ್ಲ. ಅದು ಪ್ರತಿಯೊಂದು ಆಟದಲ್ಲೂ ಮತ್ತೆ ಒಪ್ಪಿಗೆ ಪಡೆಯಬೇಕಾದ ಕರಡು. ಕಾಯಿ ಹುಟ್ಟಲು ಬೇಕಾದ ಗರ, ಒಳಸುತ್ತಿಗೆ ಬೇಕಾದ ಅರ್ಹತೆ, ಹುಲಿಗೂ ಕುರಿಗೂ ಇರಬೇಕಾದ ಸಮತೋಲ ಇವೆಲ್ಲ ಸಾಮಾನ್ಯ ಜನ ನ್ಯಾಯ, ಬಿಡುವು, ಅದೃಷ್ಟ, ಕೈಚಳಕಗಳ ಬಗೆಗೆ ಚರ್ಚಿಸಿ ತಲುಪಿದ ತಾತ್ಕಾಲಿಕ ತೀರ್ಮಾನಗಳು. ಮಣೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟು, ನಿಯಮವನ್ನು ಕೈಪಿಡಿಯಲ್ಲಿ ಅಚ್ಚು ಹಾಕಿದರೆ ಆಟ ಉಳಿಯಿತೆಂದು ಭಾವಿಸುವುದು ಸರಿಯಲ್ಲ. ನಿಯಮವನ್ನು ಪ್ರಶ್ನಿಸಿ, ಆಡಿ ನೋಡಿ, ಒಪ್ಪಿಕೊಳ್ಳುವ ಸಾಮರ್ಥ್ಯವೂ ಆ ಪರಂಪರೆಯ ಭಾಗ. ಆ ಮಾತುಗಳನ್ನು ಬಲ್ಲ ಹಿರಿಯರು, ಅದರಲ್ಲೂ ಹಿರಿಯ ಹೆಣ್ಣುಮಕ್ಕಳು, ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ನಿಯಮ ಹೇಳಿರೆಂದು ಕೇಳುವುದಕ್ಕಿಂತ, ಅವರೊಡನೆ ಮಣೆಯ ಮುಂದೆ ಕುಳಿತು ಆಡುವುದರಿಂದ ಈ ಕೆಲಸ ಆರಂಭವಾಗಬೇಕು.